ದನಕರುಗಳ ಮೈಯಲ್ಲಿ ರೋಗನಿರೋಧಕ ಶಕ್ತಿಯು ಹುಟ್ಟುವ ಬಗೆ

ಕಾಲುಬಾಯಿ ರೋಗದ ಚುಚ್ಚುಮದ್ದನ್ನು ಹಾಕುವವರು ಗ್ರಾಮಕ್ಕೆ ಬಂದಾಗ ರೈತರ ಬಾಯಿಂದ ಸಾಮಾನ್ಯವಾಗಿ ಮೂರು ಆಕ್ಷೇಪಣೆಗಳು ಹೊರಡುವುವು. ಮೊದಲನೆಯದು, “ಹಿಂದೊಮ್ಮೆ ಸೂಜಿ ಹಾಕಿಸಿದ ನಾಲ್ಕನೆಯ ದಿನವೇ ರಾಸಿಗೆ ರೋಗ ಬಂತು, ಮದ್ದಿನಿಂದಲೇ ಬಂತು” ಎಂಬುದು. ಎರಡನೆಯದು, “ಆರು ತಿಂಗಳ ಹಿಂದೆ ತಾನೇ ಹಾಕಿಸಿದೆವು, ಮತ್ತೆ ಯಾತಕ್ಕೆ?” ಎಂಬುದು. ಮೂರನೆಯದು, “ಕರೆಯುವ ಹಸುವಿಗೆ ಹಾಕಿಸಿದರೆ ಹಾಲು ತಗ್ಗುವುದು” ಎಂಬುದು. ಈ ಮಾತುಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವು ಕಣ್ಣಾರೆ ಕಂಡ ಸಂಗತಿಗಳಿಂದ ಹುಟ್ಟಿದ ಮಾತುಗಳು. ಆದರೆ ಕಂಡ ಸಂಗತಿ ಬೇರೆ, ಅದರ ಕಾರಣ ಬೇರೆ. ರಾಸಿನ ಮೈಯೊಳಗೆ ರೋಗವನ್ನು ತಡೆಯುವ ಶಕ್ತಿಯು ಎಲ್ಲಿ ಹುಟ್ಟುವುದು, ಎಷ್ಟು ದಿನಗಳಲ್ಲಿ ಬಲಿಯುವುದು, ಎಷ್ಟು ಕಾಲ ನಿಲ್ಲುವುದು ಎಂಬುದನ್ನು ತಿಳಿದರೆ ಈ ಮೂರು ಆಕ್ಷೇಪಣೆಗಳಿಗೂ ಸಮಾಧಾನವು ತಾನಾಗಿಯೇ ದೊರೆಯುವುದು. ಒಂದು ಜೊತೆ ಎತ್ತು ಬಿತ್ತನೆಯ ಕಾಲದಲ್ಲಿ ಕಾಲು ಹುಣ್ಣಾಗಿ ಮಲಗಿದರೆ ಆ ವರ್ಷದ ಬೇಸಾಯವೇ ಕೆಡುವುದರಿಂದ, ಈ ವಿಷಯವು ಪ್ರತಿಯೊಬ್ಬ ಬೇಸಾಯಗಾರನ ಗಮನಕ್ಕೂ ಅರ್ಹವಾದದ್ದಾಗಿದೆ.

ಮೊದಲ ಶೋಧನೆಗಳು

ಒಮ್ಮೆ ರೋಗ ಬಂದು ಉಳಿದ ರಾಸಿಗೆ ಅದೇ ರೋಗವು ಪುನಃ ಸುಲಭವಾಗಿ ತಗಲುವುದಿಲ್ಲವೆಂಬುದನ್ನು ಹಳ್ಳಿಯವರು ಬಹು ಹಿಂದಿನಿಂದಲೂ ಬಲ್ಲರು. ಆ ಶಕ್ತಿಯು ದೇಹದಲ್ಲಿ ಎಲ್ಲಿ ನೆಲಸಿರುವುದೆಂಬುದು ಮಾತ್ರ ತಿಳಿದಿರಲಿಲ್ಲ. 1890ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಫಾನ್ ಬೇರಿಂಗ್ ಎಂಬ ಜರ್ಮನ್ ವೈದ್ಯನೂ ಶಿಬಾಸಬುರೋ ಕಿಟಸಾಟೋ ಎಂಬ ಜಪಾನೀ ವಿದ್ವಾಂಸನೂ ಧನುರ್ವಾಯುವಿನ ವಿಷವನ್ನು ಎದುರಿಸಿ ಗೆದ್ದ ಪ್ರಾಣಿಯ ರಕ್ತದ ತಿಳಿಯನ್ನು, ಅಂದರೆ ಸೀರಂ ಎಂಬ ಹಳದಿಯ ನೀರನ್ನು, ಬೇರೊಂದು ಪ್ರಾಣಿಗೆ ಚುಚ್ಚಿದರು. ಆ ಎರಡನೆಯ ಪ್ರಾಣಿಗೂ ವಿಷವು ತಾಗದೆ ಹೋಯಿತು. ರಕ್ಷಣೆಯನ್ನು ಕೊಡುವ ವಸ್ತುವು ರಕ್ತದ ತಿಳಿಯಲ್ಲಿಯೇ ಇರುವುದೆಂದು ಇದರಿಂದ ಸ್ಥಿರಪಟ್ಟಿತು. ಆ ವಸ್ತುವಿಗೆ ಈಗ ಪ್ರತಿಕಾಯವೆಂದು ಹೆಸರು.

ಮರುವರ್ಷವೇ ಪೌಲ್ ಎರ್ಲಿಖ್ ಎಂಬ ವಿದ್ವಾಂಸನು ನಮ್ಮ ರೈತರಿಗೆ ಚಿರಪರಿಚಿತವಾದ ಎರಡು ಬೀಜಗಳ ವಿಷವನ್ನು ತೆಗೆದುಕೊಂಡು ಪರೀಕ್ಷೆ ನಡೆಸಿದನು. ಒಂದು ಹರಳು ಬೀಜ, ಇನ್ನೊಂದು ಗುಲಗಂಜಿ. ಇಲಿಗಳಿಗೆ ಈ ವಿಷವನ್ನು ಮೊದಲು ಅತ್ಯಲ್ಪವಾಗಿ ತಿನ್ನಿಸಿ, ದಿನೇ ದಿನೇ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ, ಬೇರೆ ಇಲಿಗಳನ್ನು ಕೊಲ್ಲುವಷ್ಟು ವಿಷವನ್ನೂ ಅವು ತಾಳಿಕೊಳ್ಳುತ್ತಿದ್ದವು. ಆದರೆ ಹರಳಿನ ವಿಷಕ್ಕೆ ಒಗ್ಗಿದ ಇಲಿಯು ಗುಲಗಂಜಿಯ ವಿಷದಿಂದ ಸತ್ತಿತು. ಪ್ರತಿಕಾಯವು ಒಂದೊಂದು ಶತ್ರುವಿಗೂ ಬೇರೆ ಬೇರೆಯಾದದ್ದೆಂಬ ಮುಖ್ಯವಾದ ನಿಯಮವು ಹೀಗೆ ಗೊತ್ತಾಯಿತು. ಗಳಲೆ ರೋಗಕ್ಕೆ ಹಾಕಿಸಿದ ಮದ್ದು ಚಪ್ಪೆ ರೋಗವನ್ನು ತಡೆಯದೆ ಇರುವುದೂ ಈ ನಿಯಮದಿಂದಲೇ.

ಕೋಳಿಯಿಂದ ತಿಳಿದ ಸಂಗತಿ

ಪ್ರತಿಕಾಯಗಳನ್ನು ತಯಾರಿಸುವವರು ಯಾರು? 1948ರಲ್ಲಿ ಸ್ವೀಡನ್ ದೇಶದ ಆಸ್ಟ್ರಿಡ್ ಫಗ್ರೇಯಸ್ ಎಂಬ ಮಹಿಳೆಯು, ಪ್ಲಾಸ್ಮಾ ಕಣಗಳೆಂಬ ಒಂದು ಜಾತಿಯ ಜೀವಕಣಗಳೇ ಅವುಗಳನ್ನು ಮಾಡುವುವೆಂದು ತೋರಿಸಿಕೊಟ್ಟಳು. ಆ ಕಣಗಳ ಮೂಲವು ಯಾವುದೆಂಬ ಪ್ರಶ್ನೆಗೆ ಉತ್ತರವು ದೊಡ್ಡ ಆಸ್ಪತ್ರೆಗಳಿಂದ ಬರಲಿಲ್ಲ. ಕೋಳಿ ಸಾಕಣೆಯ ವಿದ್ಯೆಯಿಂದ ಬಂದಿತು.

ಕೋಳಿಯ ಹಿಂಭಾಗದಲ್ಲಿ, ಮಲದ್ವಾರದ ಮೇಲ್ಗಡೆ, ಒಂದು ಸಣ್ಣ ಚೀಲವಿರುವುದು. ಇಟಲಿಯ ಪಾಡುವಾ ನಗರದ ಫ್ಯಾಬ್ರೀಷಿಯಸ್ ಎಂಬ ಅಂಗರಚನಾ ಪಂಡಿತನು ಇದನ್ನು ವರ್ಣಿಸಿದ್ದ ಗ್ರಂಥವು ಅವನ ಮರಣಾನಂತರ 1621ರಲ್ಲಿ ಅಚ್ಚಾಯಿತು. ಈ ಚೀಲಕ್ಕೆ ಲ್ಯಾಟಿನ್ ಭಾಷೆಯಲ್ಲಿ ಬರ್ಸಾ ಎಂದು ಹೆಸರು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇದರ ಉಪಯೋಗವು ಯಾರಿಗೂ ತಿಳಿಯಲಿಲ್ಲ. ಅಮೆರಿಕದ ಒಹಾಯೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿಯು ಎಳೆಯ ಮರಿಗಳಿಂದ ಈ ಚೀಲವನ್ನು ಕತ್ತರಿಸಿ ತೆಗೆದು ಪರೀಕ್ಷಿಸುತ್ತಿದ್ದನು. ಅವನ ಸ್ನೇಹಿತನಾದ ತಿಮೋಥಿ ಚಾಂಗ್ ಎಂಬವನು ತರಗತಿಯಲ್ಲಿ ಪ್ರತಿಕಾಯಗಳನ್ನು ತೋರಿಸುವುದಕ್ಕಾಗಿ ಅವೇ ಕೋಳಿಗಳಲ್ಲಿ ಕೆಲವನ್ನು ಕೇಳಿ ಪಡೆದು, ಅವಕ್ಕೆ ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಚುಚ್ಚಿದನು. ಅನೇಕ ಕೋಳಿಗಳ ರಕ್ತದಲ್ಲಿ ಪ್ರತಿಕಾಯವೇ ಕಾಣಲಿಲ್ಲ. ವಿಚಾರಿಸಿ ನೋಡಲಾಗಿ ಅವು ಚೀಲವನ್ನು ತೆಗೆದ ಕೋಳಿಗಳೇ ಆಗಿದ್ದವು. ಕೆಟ್ಟುಹೋಯಿತೆಂದುಕೊಂಡ ಈ ಪಾಠವು 1956ರಲ್ಲಿ ಕೋಳಿ ಸಾಕಣೆಯ ಒಂದು ಪತ್ರಿಕೆಯಲ್ಲಿ ಪ್ರಕಟವಾಗಿ, ಕಾಲಕ್ರಮದಲ್ಲಿ ವೈದ್ಯಶಾಸ್ತ್ರದ ದಾರಿಯನ್ನೇ ಬದಲಾಯಿಸಿತು.

1965ರಲ್ಲಿ ಮ್ಯಾಕ್ಸ್ ಕೂಪರ್, ರಾಬರ್ಟ್ ಗುಡ್ ಮತ್ತು ಅವರ ಸಂಗಡಿಗರು, ಬಿಳಿಯ ರಕ್ತಕಣಗಳಲ್ಲಿ ಎರಡು ಪಂಗಡಗಳುಂಟೆಂದು ಕೋಳಿಗಳಲ್ಲಿಯೇ ಸಿದ್ಧಪಡಿಸಿದರು. ಬರ್ಸಾ ಚೀಲದಲ್ಲಿ ಬಲಿತು ಪ್ರತಿಕಾಯಗಳಿಗೆ ಮೂಲವಾಗುವ ಕಣಗಳು ಒಂದು ಪಂಗಡ. ಇವಕ್ಕೆ ಬರ್ಸಾ ಎಂಬ ಹೆಸರಿನ ಮೊದಲಕ್ಷರದಿಂದ ಬಿ ಕಣಗಳೆಂದು ಹೆಸರಾಯಿತು. ಥೈಮಸ್ ಎಂಬ ಗ್ರಂಥಿಯಲ್ಲಿ ಬಲಿಯುವ ಟಿ ಕಣಗಳು ಇನ್ನೊಂದು ಪಂಗಡ. ಇವುಗಳಲ್ಲಿ ಕೆಲವು ಬಿ ಕಣಗಳಿಗೆ ಸಹಾಯಕರಾಗಿಯೂ ಕೆಲವು ರೋಗ ಹಿಡಿದ ಜೀವಕಣಗಳನ್ನು ನೇರವಾಗಿ ಕೊಲ್ಲುವುದಕ್ಕೂ ಇರುವುವು.

ಕೋಳಿ ಸಾಕುವವರಿಗೆ ಇದರಿಂದ ಒಂದು ಎಚ್ಚರಿಕೆಯುಂಟು. ಗಂಬೊರೊ ಎಂಬ ರೋಗದ ವೈರಸ್ಸು ಎಳೆಯ ಮರಿಗಳ ಈ ಚೀಲವನ್ನೇ ಹಾಳುಮಾಡುವುದು. ಅಂಥ ಮರಿಯು ಸಾಯದೆ ಉಳಿದರೂ ಅದರಲ್ಲಿ ಬಿ ಕಣಗಳು ಕ್ಷೀಣವಾಗಿರುವುದರಿಂದ, ಮುಂದೆ ರಾಣಿಕೇತ್ ರೋಗಕ್ಕೆ, ಅಂದರೆ ಕೊಕ್ಕರೆ ರೋಗಕ್ಕೆ, ಮದ್ದು ಹಾಕಿದರೂ ಅದು ಸರಿಯಾಗಿ ಹತ್ತುವುದಿಲ್ಲ. ಮದ್ದು ಕೆಟ್ಟದ್ದೆಂದು ದೂರುವ ಮೊದಲು ಮರಿಗಳಿಗೆ ಗಂಬೊರೊ ತಗಲಿತ್ತೇ ಎಂದು ವಿಚಾರಿಸತಕ್ಕದ್ದು.

ಒಟ್ಟಲು ಪಾತಿ

ಹಸು, ಎಮ್ಮೆ, ಕುರಿ, ಮನುಷ್ಯ, ಇವರಲ್ಲಿ ಬರ್ಸಾ ಚೀಲವಿಲ್ಲ. ಇವುಗಳಲ್ಲಿ ಬಿ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವುವು. ಕುರಿ ಮತ್ತು ದನಗಳಲ್ಲಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ ಕಣಸಮೂಹಗಳೂ ಅವು ಬಲಿಯುವುದಕ್ಕೆ ಮುಖ್ಯವಾದ ಸ್ಥಾನವಾಗಿವೆ. ರಾಗಿಯ ಸಸಿಗಳನ್ನು ಒಟ್ಟಲು ಪಾತಿಯಲ್ಲಿ ಬೆಳೆಸಿ, ಅನಂತರ ಹೊಲಕ್ಕೆ ನಾಟಿ ಮಾಡುವಂತೆ, ಈ ಕಣಗಳು ಮಜ್ಜೆಯಲ್ಲಿ ಬೆಳೆದು, ಬಳಿಕ ರಕ್ತದ ಮೂಲಕ ಹೊರಟು ಗುಲ್ಮ, ದುಗ್ಧರಸ ಗ್ರಂಥಿಗಳು ಮೊದಲಾದ ಸ್ಥಳಗಳಲ್ಲಿ ನೆಲಸುವುವು. ರಾಸಿನ ಹೆಗಲಿನ ಮುಂದುಗಡೆಯಲ್ಲಿಯೂ ತೊಡೆಯ ಮುಂದಿನ ಚರ್ಮದ ಮಡಿಕೆಯಲ್ಲಿಯೂ ಕೈಯಿಂದ ಒತ್ತಿ ನೋಡಿದರೆ ಸಿಕ್ಕುವ ಗಂಟುಗಳು ಈ ಗ್ರಂಥಿಗಳೇ. ರೋಗ ಬಂದಾಗ ಅವು ಊದಿಕೊಳ್ಳುವುದು, ಒಳಗೆ ಕಣಗಳು ಶತ್ರುವಿನ ವಿರುದ್ಧವಾಗಿ ವೃದ್ಧಿಯಾಗುತ್ತಿರುವುದರ ಲಕ್ಷಣವಾಗಿದೆ.

ಪಾತಿಯಲ್ಲಿರುವಾಗಲೇ ಒಂದೊಂದು ಬಿ ಕಣವೂ ತನ್ನ ಹೊರಮೈಯಲ್ಲಿ ಒಂದು ಬಗೆಯ ಪ್ರತಿಕಾಯವನ್ನು, ಬಾಗಿಲಿಗೆ ಕೀಲಿಕೈಯನ್ನು ತೂಗುಹಾಕಿದಂತೆ, ಧರಿಸಿಕೊಳ್ಳುವುದು. ಒಂದು ಕಣಕ್ಕೆ ಒಂದೇ ಬಗೆ. ಆದರೆ ಪಕ್ಕದ ಕಣದ್ದು ಬೇರೊಂದು ಬಗೆ. ಪ್ರತಿಕಾಯವೊಂದರಲ್ಲಿ ಎರಡು ಭಾರವಾದ ಸರಪಣಿಗಳೂ ಎರಡು ಹಗುರವಾದ ಸರಪಣಿಗಳೂ ಸೇರಿ ಕವಲೊಡೆದ ಕೋಲಿನ ಆಕಾರದಲ್ಲಿರುವುವು. ಕವಲಿನ ಎರಡು ತುದಿಗಳು ಶತ್ರುವನ್ನು ಹಿಡಿಯುವುದಕ್ಕಾಗಿ ಇರುವುವು. ಈ ರಚನೆಯನ್ನು ಕಂಡುಹಿಡಿದುದಕ್ಕಾಗಿ ಎಡೆಲ್ಮನ್ ಮತ್ತು ಪೋರ್ಟರ್ ಎಂಬವರಿಗೆ 1972ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಲೆಕ್ಕವಿಲ್ಲದಷ್ಟು ರೋಗಾಣುಗಳಿಗೆ ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯಗಳನ್ನು ದೇಹವು ಮೊದಲೇ ಹೇಗೆ ಸಿದ್ಧಪಡಿಸಿಕೊಂಡಿರಬಲ್ಲದು? ತಂದೆತಾಯಿಗಳಿಂದ ಬರುವ ಜೀನುಗಳು ಅಷ್ಟೊಂದಿಲ್ಲ. ಇದರ ಮರ್ಮವನ್ನು 1976ರಲ್ಲಿ ಸುಸುಮು ಟೊನೆಗಾವಾ ಎಂಬ ಜಪಾನೀ ವಿದ್ವಾಂಸನು ಬಿಡಿಸಿದನು. ಅವನಿಗೆ 1987ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಪ್ರತಿಕಾಯದ ಜೀನು ಇಡಿಯಾಗಿರದೆ ತುಂಡುತುಂಡುಗಳಾಗಿರುವುದು. ಮನುಷ್ಯನ ಭಾರ ಸರಪಣಿಗೆ ಮೊದಲನೆಯ ಬಗೆಯ ತುಂಡುಗಳು ಸುಮಾರು 40, ಎರಡನೆಯವು 23, ಮೂರನೆಯವು 6. ಕಣವು ಒಂದೊಂದು ರಾಶಿಯಿಂದಲೂ ಒಂದೊಂದು ತುಂಡನ್ನು ಎತ್ತಿ ಜೋಡಿಸುವುದು. 40ನ್ನು 23ರಿಂದಲೂ ಅದನ್ನು 6ರಿಂದಲೂ ಗುಣಿಸಿದರೆ 5,520 ಬಗೆಗಳಾದುವು. ಇವುಗಳೊಡನೆ ನೂರಾರು ಬಗೆಯ ಹಗುರ ಸರಪಣಿಗಳು ಸೇರಿದಾಗ ಬಗೆಗಳು ಹತ್ತು ಲಕ್ಷವನ್ನು ಮೀರುವುವು. ಜೋಡಣೆಯ ಸಂದುಗಳಲ್ಲಿ ಉಂಟಾಗುವ ಹೆಚ್ಚುಕಡಮೆಗಳಿಂದ ಅವು ಇನ್ನೂ ಎಷ್ಟೋ ಪಟ್ಟು ಹೆಚ್ಚುವುವು.

ಹಸುವಿನಲ್ಲಿ ಒಂದು ವಿಶೇಷವುಂಟು. ಅದರ ಪ್ರತಿಕಾಯಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲಿನವು, ಬೇರೆ ಪ್ರಾಣಿಗಳಲ್ಲಿ ಕಾಣದಷ್ಟು ಉದ್ದವಾದ ಹಿಡಿಯನ್ನು ತುದಿಯಲ್ಲಿ ಹೊಂದಿರುವುವು. ರೋಗಾಣುವಿನ ಆಳವಾದ ಸಂದುಗಳಿಗೂ ಈ ಹಿಡಿಯು ತಲುಪಬಲ್ಲದು. ಮನುಷ್ಯರ ಏಡ್ಸ್ ರೋಗದ ವೈರಸ್ಸಿನ ಹೊರಪದರವನ್ನು ಕರುಗಳಿಗೆ ಚುಚ್ಚಿದಾಗ ಅವು ಬಹು ಬೇಗನೆ ಬಲವಾದ ಪ್ರತಿಕಾಯಗಳನ್ನು ಮಾಡಿದುವೆಂಬ ಸಂಗತಿಯು 2017ರಲ್ಲಿ ಪ್ರಕಟವಾಗಿ, ಅಂದಿನಿಂದ ವಿದ್ವಾಂಸರು ಗೋವಿನ ರಕ್ತವನ್ನು ಆಸಕ್ತಿಯಿಂದ ಪರಿಶೀಲಿಸುತ್ತಿದ್ದಾರೆ.

ಹೀಗೆ ಗೊತ್ತುಗುರಿಯಿಲ್ಲದೆ ಜೋಡಿಸಿದ ಪ್ರತಿಕಾಯಗಳಲ್ಲಿ ಕೆಲವು ತನ್ನ ದೇಹವನ್ನೇ ಹಿಡಿಯುವಂಥವೂ ಇರುವುವು. ಅಂಥ ಕಣಗಳನ್ನು ಹೊರಕ್ಕೆ ಬಿಡುವ ಮೊದಲೇ ಮಜ್ಜೆಯು ತಿದ್ದುವುದು, ಇಲ್ಲವೇ ಕೊಂದುಹಾಕುವುದು. ಪಾತಿಯಲ್ಲಿ ಕಳೆಯನ್ನು ಕಿತ್ತು ಸಸಿಯನ್ನು ಉಳಿಸಿಕೊಳ್ಳುವ ಕೆಲಸವು ಇದೇ ಆಗಿದೆ. ಈ ಕಳೆಕೀಳುವ ಕೆಲಸವು ತಪ್ಪಿದರೆ ದೇಹವು ತನ್ನನ್ನೇ ತಿನ್ನುವ ಬೇನೆಗಳು ಹುಟ್ಟುವುವು.

ಬೀಜದ ಆಯ್ಕೆ ಮತ್ತು ವೃದ್ಧಿ

ರೋಗಾಣುವು ಮೈಯನ್ನು ಹೊಕ್ಕಾಗ ದೇಹವು ಅದಕ್ಕೆ ತಕ್ಕ ಪ್ರತಿಕಾಯವನ್ನು ಆಗ ಹೊಸದಾಗಿ ಎರಕ ಹೊಯ್ಯುವುದೆಂದು ಹಿಂದೆ ಅನೇಕರು ನಂಬಿದ್ದರು. ಆಸ್ಟ್ರೇಲಿಯಾ ದೇಶದ ಮ್ಯಾಕ್‌ಫರ್ಲೇನ್ ಬರ್ನೆಟ್ಟನು 1957ರಲ್ಲಿ ಇದಕ್ಕೆ ಬದಲಾಗಿ ಬೇರೊಂದು ವಾದವನ್ನು ಮುಂದಿಟ್ಟನು. ಅದು ಬೇಸಾಯಗಾರನಿಗೆ ಸುಲಭವಾಗಿ ತಿಳಿಯುವಂಥದು. ಬೆಂಕಿರೋಗ ಬಿದ್ದ ಗದ್ದೆಯಲ್ಲಿ ರೋಗಕ್ಕೆ ಬಗ್ಗದ ನಾಲ್ಕು ತೆನೆಗಳನ್ನು ಜಾಣನಾದ ರೈತನು ಆರಿಸಿ ಎತ್ತಿಟ್ಟು, ಮರುವರ್ಷ ಬಿತ್ತಿ, ಅದೇ ಜಾತಿಯನ್ನು ಹೆಚ್ಚಿಸಿಕೊಳ್ಳುವನು. ರೈತನು ಆ ಗುಣವನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಆರಿಸಿದನು. ಹಾಗೆಯೇ ಶತ್ರುವಿಗೆ ಒಪ್ಪುವ ಕೀಲಿಕೈಯನ್ನು ಹಿಡಿದ ಒಂದೆರಡು ಬಿ ಕಣಗಳು ಮೊದಲೇ ಇರುವುವು. ಶತ್ರುವು ಬಂದು ಅವಕ್ಕೆ ಅಂಟಿಕೊಂಡಾಗ, ಟಿ ಕಣಗಳ ಸಹಾಯದಿಂದ ಅವು ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ವೃದ್ಧಿಹೊಂದುವುವು. ಮಿಕ್ಕ ಕಣಗಳು ಸುಮ್ಮನಿರುವುವು. ಮರುವರ್ಷವೇ ನೊಸ್ಸಾಲ್ ಮತ್ತು ಲೆಡರ್‌ಬರ್ಗ್ ಎಂಬವರು ಒಂದು ಕಣವು ಒಂದೇ ಬಗೆಯ ಪ್ರತಿಕಾಯವನ್ನು ಮಾಡುವುದೆಂದು ಪರೀಕ್ಷೆಯಿಂದ ತೋರಿಸಿದರು.

ಈ ವೃದ್ಧಿಯಲ್ಲಿ ಇನ್ನೂ ಒಂದು ಚಮತ್ಕಾರವಿರುವುದು. ದುಗ್ಧರಸ ಗ್ರಂಥಿಯೊಳಗೆ ಕಣಗಳು ವೃದ್ಧಿಯಾಗುವಾಗ ಪ್ರತಿಕಾಯದ ಜೀನಿನಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಉಂಟಾಗುವುವು. ಮೊದಲಿಗಿಂತ ಬಿಗಿಯಾಗಿ ಶತ್ರುವನ್ನು ಹಿಡಿಯಬಲ್ಲ ಕಣಗಳು ಉಳಿದು ಹೆಚ್ಚುವುವು, ಸಡಿಲವಾದುವು ಸಾಯುವುವು. ಆದಕಾರಣ ಎರಡು ಮೂರು ವಾರಗಳ ಮೇಲೆ ಬರುವ ಪ್ರತಿಕಾಯಗಳು ಮೊದಲು ಬಂದವುಗಳಿಗಿಂತ ಶ್ರೇಷ್ಠವಾಗಿರುವುವು.

ಹೀಗೆ ಹೆಚ್ಚಿದ ಕಣಗಳಲ್ಲಿ ಒಂದು ಭಾಗವು ಪ್ಲಾಸ್ಮಾ ಕಣಗಳಾಗಿ ಮಾರ್ಪಟ್ಟು, ಒಂದೊಂದೂ ಒಂದು ಸೆಕೆಂಡಿಗೆ ಸಾವಿರಗಟ್ಟಲೆ ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಸುವುದು. ಇವುಗಳಲ್ಲಿ ಬಹುಪಾಲು ಕೆಲವು ದಿನಗಳಲ್ಲಿ ಸಾಯುವುವು. ಕೆಲವು ಮಾತ್ರ ಮಜ್ಜೆಗೆ ಹಿಂದಿರುಗಿ ಬಹುಕಾಲ ಬಾಳುವುವು. ಇನ್ನೊಂದು ಭಾಗವು ಪ್ರತಿಕಾಯಗಳನ್ನು ಸುರಿಸದೆ, ಬಿತ್ತನೆಗೆಂದು ಕಟ್ಟಿಟ್ಟ ಕಾಳಿನಂತೆ, ನೆನಪಿನ ಕಣಗಳಾಗಿ ನಿಲ್ಲುವುದು.

ಪ್ರತಿಕಾಯವು ರೋಗಾಣುವಿಗೆ ಅಂಟಿಕೊಂಡು, ಅದು ದೇಹದ ಜೀವಕಣದೊಳಕ್ಕೆ ನುಗ್ಗದಂತೆ ತಡೆಯುವುದು. ವಿಷವಾದರೆ ಅದನ್ನು ನಿರ್ವೀರ್ಯಗೊಳಿಸುವುದು. ರೋಗಾಣುಗಳನ್ನು ನುಂಗುವ ಬಿಳಿಯ ಕಣಗಳಿಗೆ ಗುರುತು ತೋರಿಸಿಕೊಡುವುದು. ಪ್ರತಿಕಾಯವಿಲ್ಲದ ದೇಹದ ಗತಿಯೇನೆಂಬುದನ್ನು 1952ರಲ್ಲಿ ಆಗ್ಡೆನ್ ಬ್ರೂಟನ್ ಎಂಬ ಅಮೆರಿಕದ ವೈದ್ಯನು ವರದಿ ಮಾಡಿದನು. ಎಂಟು ವರ್ಷದ ಒಬ್ಬ ಬಾಲಕನಿಗೆ ಪದೇ ಪದೇ ನ್ಯುಮೋನಿಯಾ ಮೊದಲಾದ ಸೋಂಕುಗಳು ಬರುತ್ತಿದ್ದುವು. ಅವನ ರಕ್ತದಲ್ಲಿ ಪ್ರತಿಕಾಯಗಳಿರುವ ಅಂಶವೇ ಕಾಣಲಿಲ್ಲ. ಬೇರೆಯವರ ರಕ್ತದಿಂದ ತೆಗೆದ ಆ ಅಂಶವನ್ನು ಚುಚ್ಚುತ್ತ ಬಂದ ಮೇಲೆ ಅವನು ಸುಧಾರಿಸಿದನು.

ಕಾಲದ ಲೆಕ್ಕ

ರೈತರು ಮನಸ್ಸಿನಲ್ಲಿಡತಕ್ಕ ಮುಖ್ಯಾಂಶವು ಇಲ್ಲಿದೆ. ಮೊದಲ ಸಲ ಶತ್ರುವಿನ ಅಂಶವು ಮೈಯನ್ನು ಹೊಕ್ಕಾಗ, ತಕ್ಕ ಕಣಗಳು ಆರಿಸಲ್ಪಟ್ಟು ಹೆಚ್ಚುವುದಕ್ಕೆ ಕಾಲ ಬೇಕು. ಐದಾರು ದಿನಗಳವರೆಗೆ ರಕ್ತದಲ್ಲಿ ಪ್ರತಿಕಾಯಗಳು ಕಾಣುವುದೇ ಅಪರೂಪ. ಸಾಕಷ್ಟು ರಕ್ಷಣೆ ಉಂಟಾಗುವುದಕ್ಕೆ ಸುಮಾರು ಎರಡು ವಾರಗಳು ಹಿಡಿಯುವುವು. ಅನಂತರ ಅವು ಇಳಿಯುತ್ತ ಹೋಗುವುವು. ಅದೇ ಅಂಶವು ಎರಡನೆಯ ಸಲ ಹೊಕ್ಕರೆ, ನೆನಪಿನ ಕಣಗಳು ಸಿದ್ಧವಾಗಿರುವುದರಿಂದ ಎರಡು ಮೂರು ದಿನಗಳಲ್ಲಿಯೇ ಎದ್ದು, ಮೊದಲಿಗಿಂತ ಹಲವು ಪಾಲು ಹೆಚ್ಚಾಗಿಯೂ ಹೆಚ್ಚು ಕಾಲವೂ ಪ್ರತಿಕಾಯಗಳನ್ನು ಕೊಡುವುವು. ಮೊದಲನೆಯ ಚುಚ್ಚುಮದ್ದು ಹೊಲವನ್ನು ಹದಮಾಡುವ ಉಳುಮೆಯಾದರೆ, ಒಂದು ತಿಂಗಳ ಮೇಲೆ ಹಾಕುವ ಎರಡನೆಯದು ಬಿತ್ತನೆಯೇ ಸರಿ. ಉತ್ತು ಬಿತ್ತದೆ ಬಿಟ್ಟ ಹೊಲದಿಂದ ಬೆಳೆಯನ್ನು ನಿರೀಕ್ಷಿಸಲಾಗದು.

ಗಿಣ್ಣು ಹಾಲು

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಶಿಶುವಿಗೆ ಹರಿಯುವುವು. ಹಸು, ಎಮ್ಮೆ, ಆಡು, ಕುರಿಗಳಲ್ಲಿ ಗರ್ಭಚೀಲದ ರಚನೆಯು ಬೇರೆಯಾಗಿರುವುದರಿಂದ ಹಾಗೆ ಹರಿಯಲಾರವು. ಹುಟ್ಟಿದ ಕರುವಿನ ರಕ್ತವು ಪ್ರತಿಕಾಯಗಳ ಮಟ್ಟಿಗೆ ಬರಿದಾಗಿರುವುದು. ಅದರ ಸ್ವಂತ ಬಿ ಕಣಗಳು ಕೆಲಸಕ್ಕೆ ಬರುವುದಕ್ಕೆ ವಾರಗಳು ಬೇಕು. ಈ ಮಧ್ಯೆ ಅದನ್ನು ಉಳಿಸುವುದು ತಾಯಿಯ ಗಿಣ್ಣು ಹಾಲು ಒಂದೇ. ಸಾಮಾನ್ಯವಾದ ಹಾಲಿನಲ್ಲಿ ಪ್ರತಿಕಾಯಗಳು ಒಂದು ಲೀಟರಿಗೆ ಒಂದು ಗ್ರಾಂ ಕೂಡ ಇರುವುದಿಲ್ಲ. ಒಳ್ಳೆಯ ಗಿಣ್ಣಿನಲ್ಲಿ 50 ಗ್ರಾಂ ಮತ್ತು ಅದಕ್ಕೂ ಹೆಚ್ಚಾಗಿರುವುದು. ಕರುವಿನ ಕರುಳು ಮೊದಲ ಕೆಲವು ಗಂಟೆಗಳ ಕಾಲ ಈ ಪ್ರತಿಕಾಯಗಳನ್ನು ಇಡಿಯಾಗಿಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು. ಗಂಟೆ ಕಳೆದಂತೆಲ್ಲ ಆ ಬಾಗಿಲು ಮುಚ್ಚುತ್ತ ಬಂದು ಸುಮಾರು ಒಂದು ದಿನದಲ್ಲಿ ಪೂರ್ತಿಯಾಗಿ ಮುಚ್ಚಿಹೋಗುವುದು. ಆಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಅದು ಆಹಾರವಾಗುವುದೇ ಹೊರತು ರಕ್ತಕ್ಕೆ ರಕ್ಷಣೆಯಾಗಲಾರದು.

1922ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬವರು ಕೆಲವು ಕರುಗಳಿಗೆ ಗಿಣ್ಣನ್ನು ಕೊಟ್ಟು, ಕೆಲವಕ್ಕೆ ಕೊಡದೆ ಸಾಕಿ ನೋಡಿದರು. ಗಿಣ್ಣು ಸಿಕ್ಕದ ಕರುಗಳಲ್ಲಿ ಹೆಚ್ಚಿನವು ಎಳೆಯ ವಯಸ್ಸಿನಲ್ಲಿಯೇ ಸತ್ತುವು.

ಹೀಗಿರುವಲ್ಲಿ, ಅನೇಕ ಗ್ರಾಮಗಳಲ್ಲಿ ಕಸ ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ವಾಡಿಕೆಯು ಈಗಲೂ ಇರುವುದು ಶೋಚನೀಯವಾದ ವಿಷಯ. ಕಸವು ಬೀಳುವುದಕ್ಕೆ ಎಂಟು ಹತ್ತು ಗಂಟೆಗಳಾಗಬಹುದು. ಅಷ್ಟರಲ್ಲಿ ಕರುವಿನ ಪಾಲಿನ ಅತ್ಯುತ್ತಮವಾದ ಕಾಲವೆಲ್ಲ ಕಳೆದುಹೋಗುವುದು. ಹತ್ತು ದಿನಗಳ ಮೇಲೆ ಅದು ಬಿಳಿಭೇದಿಯಿಂದ ಸತ್ತರೆ ದೃಷ್ಟಿಯಾಯಿತೆಂದೋ ಹಣೆಬರಹವೆಂದೋ ಹೇಳಿಕೊಳ್ಳುವರು. ಕರುವು ಕೆಚ್ಚಲನ್ನು ಚೀಪುವುದರಿಂದ ಕಸವು ಬೇಗನೆ ಬೀಳುವುದಕ್ಕೆ ಸಹಾಯವೇ ಆಗುವುದು, ತಡೆಯಾಗುವುದಿಲ್ಲ. ನೆರೆಹೊರೆಯವರಿಗೆ ಗಿಣ್ಣು ಹಂಚುವುದು ಒಳ್ಳೆಯ ಸಂಪ್ರದಾಯವೇ. ಆದರೆ ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನು ಮಾತ್ರ ಹಂಚತಕ್ಕದ್ದು. ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು, ಅಂದರೆ 20 ಕಿಲೋ ತೂಗುವ ನಾಟಿ ಕರುವಿಗೆ ಎರಡು ಲೀಟರು, 30 ಕಿಲೋ ತೂಗುವ ಮಿಶ್ರತಳಿಯ ಕರುವಿಗೆ ಮೂರು ಲೀಟರು ಗಿಣ್ಣು ಮೊದಲ ಆರು ಗಂಟೆಗಳೊಳಗೆ ಹೊಟ್ಟೆಗೆ ಸೇರಬೇಕು. ಮೊದಲ ಕಂತು ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಆಗಬೇಕು.

ತಾಯಿಯಿಂದ ಬಂದ ಈ ಪ್ರತಿಕಾಯಗಳು ಎರವಲು ಸಾಮಾನು. ಸುಮಾರು ಮೂರು ವಾರಗಳಿಗೊಮ್ಮೆ ಅರ್ಧದಷ್ಟು ಕರಗುತ್ತ ಹೋಗುವುವು. ಅವು ಇರುವವರೆಗೆ ಕರುವಿಗೆ ಚುಚ್ಚುಮದ್ದು ಹಾಕಿದರೆ, ಮದ್ದಿನ ಅಂಶವನ್ನು ಅವೇ ಹಿಡಿದುಬಿಡುವುದರಿಂದ ಕರುವಿನ ಸ್ವಂತ ಕಣಗಳು ಎಚ್ಚರಗೊಳ್ಳವು. ಆದಕಾರಣವೇ ಕಾಲುಬಾಯಿ ರೋಗಕ್ಕೆ ಕರುವಿನ ಮೊದಲ ಚುಚ್ಚುಮದ್ದನ್ನು ನಾಲ್ಕನೆಯ ತಿಂಗಳಿನಲ್ಲಿ ಹಾಕುವ ನಿಯಮವಿರುವುದು.

ದೊಡ್ಡ ರೋಗವು ಕಲಿಸಿದ ಪಾಠ

ಊರಿನ ದೊಡ್ಡಿಗಳನ್ನೆಲ್ಲ ಬರಿದುಮಾಡುತ್ತಿದ್ದ ದೊಡ್ಡ ರೋಗದ ಹೆಸರನ್ನು ವೃದ್ಧರು ಇನ್ನೂ ಮರೆತಿಲ್ಲ. ಅದನ್ನು ತಡೆಯುವುದಕ್ಕಾಗಿ ಸೀರಂ ತಯಾರಿಸಲು 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಈಗ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಅದರಿಂದಲೇ ಬೆಳೆದದ್ದು. ಸೀರಮ್ಮೊಂದನ್ನೇ ಚುಚ್ಚಿದರೆ ರಕ್ಷಣೆಯು ಕೂಡಲೇ ದೊರೆಯುತ್ತಿತ್ತು. ಆದರೆ ಅದು ಎರವಲು ಪ್ರತಿಕಾಯವಾದ್ದರಿಂದ ಸ್ವಲ್ಪ ಕಾಲದಲ್ಲಿಯೇ ಮುಗಿದುಹೋಗುತ್ತಿತ್ತು. ಬಹುಕಾಲ ನಿಲ್ಲುವ ಶಕ್ತಿ ಬೇಕಾದರೆ ರಾಸಿನ ಸ್ವಂತ ಬಿ ಕಣಗಳೇ ಎಚ್ಚರಗೊಳ್ಳಬೇಕು. ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಎಡ್ವರ್ಡ್ಸ್ ಎಂಬವನು 1920ರ ದಶಕದಲ್ಲಿ ಈ ರೋಗದ ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ ಸೌಮ್ಯಗೊಳಿಸಿದ ಮದ್ದನ್ನು ಕಂಡುಹಿಡಿದನು. 1960ರ ಸುಮಾರಿಗೆ ಆಫ್ರಿಕದ ಕೀನ್ಯಾ ದೇಶದಲ್ಲಿ ವಾಲ್ಟರ್ ಪ್ಲೌರೈಟ್ ಎಂಬವನು ಇನ್ನೂ ನಿರಪಾಯಕರವಾದ ಮದ್ದನ್ನು ತಯಾರಿಸಿದನು. ಇದರ ಒಂದು ಚುಚ್ಚುಮದ್ದು ರಾಸಿನ ಜೀವಮಾನಕ್ಕೆ ಸಾಕಾಗುತ್ತಿತ್ತು. ಭಾರತದಲ್ಲಿ ಈ ರೋಗವು ಕಡೆಯದಾಗಿ 1995ರಲ್ಲಿ ಕಂಡಿತು. 2011ರಲ್ಲಿ ಭೂಮಂಡಲದಿಂದಲೇ ಅದು ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯನ ಪ್ರಯತ್ನದಿಂದ ಭೂಮಿಯ ಮೇಲಿಂದ ತೊಲಗಿದ ಪಶುರೋಗವು ಇದೊಂದೇ.

ಕಾಲುಬಾಯಿ ರೋಗವು ಹಾಗಲ್ಲ. ದೊಡ್ಡ ರೋಗದ ವೈರಸ್ಸಿಗೆ ಒಂದೇ ವೇಷ. ಕಾಲುಬಾಯಿ ರೋಗದ ವೈರಸ್ಸಿಗೆ ಏಳು ಮುಖ್ಯ ವೇಷಗಳು. ಅವುಗಳಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ನಮ್ಮ ದೇಶದ ಮದ್ದಿನಲ್ಲಿ ಸೇರಿರುವುವು. ಹರಳಿಗೆ ಒಗ್ಗಿದ ಇಲಿ ಗುಲಗಂಜಿಗೆ ಬಲಿಯಾದಂತೆ, ಒಂದು ವೇಷಕ್ಕೆ ಹುಟ್ಟಿದ ಪ್ರತಿಕಾಯವು ಇನ್ನೊಂದನ್ನು ತಡೆಯದು. ಅಲ್ಲದೆ ಈ ಮದ್ದು ಸತ್ತ ವೈರಸ್ಸಿನಿಂದ ಮಾಡಿದ್ದಾದುದರಿಂದ ಮೈಯಲ್ಲಿ ಬೆಳೆಯಲಾರದು, ರೋಗವನ್ನು ತರಲಾರದು. ಅದರ ಫಲವಾದ ಪ್ರತಿಕಾಯಗಳೂ ಆರು ತಿಂಗಳಲ್ಲಿ ಇಳಿದುಹೋಗುವುವು.

ಆಕ್ಷೇಪಣೆಗಳಿಗೆ ಸಮಾಧಾನ

ಮೊದಲು ಹೇಳಿದ ಮೂರು ಆಕ್ಷೇಪಣೆಗಳಿಗೆ ಈಗ ಉತ್ತರವು ಸುಲಭ. ನಾಲ್ಕನೆಯ ದಿನ ಬಂದ ರೋಗವು ಮದ್ದಿನದಲ್ಲ. ಕಾಲುಬಾಯಿ ರೋಗವು ತಗಲಿದ ಎರಡರಿಂದ ಹದಿನಾಲ್ಕು ದಿನಗಳಲ್ಲಿ ಹೊರಬೀಳುವುದು. ಸೂಜಿ ಹಾಕಿದ ದಿನವೇ ಅದು ಮೈಯೊಳಗೆ ಇದ್ದಿರಬೇಕು, ಇಲ್ಲವೇ ಪ್ರತಿಕಾಯಗಳು ಸಿದ್ಧವಾಗುವ ಮೊದಲು ತಗಲಿರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವನು ಗುದ್ದಲಿಯನ್ನು ದೂರುವುದು ಸರಿಯಲ್ಲ. ಎರಡನೆಯದಾಗಿ, ಆರು ತಿಂಗಳಿಗೊಮ್ಮೆ ಹಾಕಿಸುವುದು ಇಳಿದುಹೋದ ಪ್ರತಿಕಾಯಗಳನ್ನು ಪುನಃ ಏರಿಸುವುದಕ್ಕೆ. ಮೂರನೆಯದಾಗಿ, ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಕೊಂಚ ತಗ್ಗುವುದು ನಿಜ. ಅದು ದೇಹವು ಕೆಲಸಕ್ಕೆ ತೊಡಗಿರುವುದರ ಗುರುತು. ಎರಡು ದಿನದ ಎರಡು ಸೇರು ಹಾಲಿಗೆ ಹೆದರಿ ಬಿಟ್ಟ ಹಸುವಿಗೆ ರೋಗವೇ ಬಂದರೆ ಆ ಸೂಲಿನ ಹಾಲೇ ಬತ್ತಿಹೋಗಬಹುದು.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕ ಕೆಲಸಗಳು

1. ಕರು ಹುಟ್ಟಿದ ಒಂದೆರಡು ಗಂಟೆಗಳಲ್ಲಿ ಗಿಣ್ಣು ಕುಡಿಸುವುದನ್ನು ತಮ್ಮ ಕೊಟ್ಟಿಗೆಯಿಂದಲೇ ಮೊದಲುಮಾಡಿ ಇತರರಿಗೆ ತೋರಿಸತಕ್ಕದ್ದು. ಮುಖಂಡರ ಮನೆಯಲ್ಲಿ ಬಿಟ್ಟ ವಾಡಿಕೆಯು ಊರಿನಲ್ಲಿಯೂ ಬೇಗ ಬಿಡುವುದು.

2. ಕಾಲುಬಾಯಿ ರೋಗಕ್ಕೆ ಕರುವಿಗೆ ನಾಲ್ಕನೆಯ ತಿಂಗಳಲ್ಲಿ ಒಂದು, ಒಂದು ತಿಂಗಳ ಮೇಲೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು ಚುಚ್ಚುಮದ್ದು ಹಾಕಿಸತಕ್ಕದ್ದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದ ಉದ್ದೇಶವೂ ಇದೇ. ಕಂದು ಹಾಕುವ ಬ್ರೂಸೆಲ್ಲಾ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಒಂದೇ ಸಲ ಹಾಕಿಸತಕ್ಕದ್ದು.

3. ಗಳಲೆ ಮತ್ತು ಚಪ್ಪೆ ರೋಗಗಳು ಮಳೆಗಾಲದಲ್ಲಿ ಕಾಣಿಸುವುದರಿಂದ ಅವುಗಳ ಮದ್ದನ್ನು ಮುಂಗಾರಿಗೆ ಮುಂಚೆ, ಎರಡು ವಾರಗಳಾದರೂ ಕಾಲಾವಕಾಶವಿರುವಂತೆ, ಹಾಕಿಸತಕ್ಕದ್ದು. ಪಕ್ಕದ ಊರಿನಲ್ಲಿ ರೋಗ ಬಿದ್ದ ಮೇಲೆ ಓಡಾಡುವುದು ಉಪಯೋಗವಲ್ಲ.

4. ಮದ್ದನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿಯೇ ಇಡತಕ್ಕದ್ದು. ಬಿಸಿಲಿನಲ್ಲಿಟ್ಟ ಮದ್ದೂ ಹೆಪ್ಪುಗಟ್ಟಿದ ಮದ್ದೂ ಕೆಟ್ಟಂತೆಯೇ. ಚುಚ್ಚುಮದ್ದಿನ ತಂಡದವರು ಬರುವ ದಿನವನ್ನು ಮುಂಚಿತವಾಗಿ ಡಂಗುರ ಹಾಕಿಸಿ, ರಾಸುಗಳನ್ನು ನೆರಳಿನಲ್ಲಿ ಒಂದೆಡೆ ಸೇರಿಸಿದರೆ ಮದ್ದು ಬಿಸಿಲಿನಲ್ಲಿ ಕಾಯುವ ಪ್ರಮೇಯವೇ ಇರುವುದಿಲ್ಲ.

5. ಪ್ರತಿಕಾಯವು ಪ್ರೋಟೀನಿನಿಂದ ಆದದ್ದು. ಬರಿಯ ಒಣ ಹುಲ್ಲನ್ನು ತಿಂದು, ಹೊಟ್ಟೆಯಲ್ಲಿ ಜಂತು ತುಂಬಿಕೊಂಡಿರುವ ರಾಸಿಗೆ ಮದ್ದು ಚೆನ್ನಾಗಿ ಹತ್ತದು. ಎರಡು ಮೂರು ವಾರ ಮುಂಚೆ ಜಂತಿನ ಔಷಧಿಯನ್ನು ಕುಡಿಸಿ, ಕೊಂಚ ಹಿಂಡಿಯನ್ನೂ ಹಸುರು ಮೇವನ್ನೂ ಕೊಡತಕ್ಕದ್ದು. ಜ್ವರದಿಂದಿರುವ ಮತ್ತು ತುಂಬು ಗರ್ಭದ ರಾಸುಗಳ ವಿಷಯದಲ್ಲಿ ಪಶುವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

6. ಸಂತೆಯಿಂದ ತಂದ ರಾಸನ್ನು ಎರಡು ಮೂರು ವಾರಗಳವರೆಗೆ ಬೇರೆಯಾಗಿ ಕಟ್ಟತಕ್ಕದ್ದು.

ಕಡೆಯದಾಗಿ ಒಂದು ಮಾತು. ಹತ್ತು ಮನೆಯವರು ಹಾಕಿಸಿ ಮೂರು ಮನೆಯವರು ಬಿಟ್ಟರೆ, ಆ ಮೂರು ಮನೆಗಳಲ್ಲಿ ರೋಗವು ಬೇರೂರಿಕೊಂಡು, ಗಿಣ್ಣು ಸಾಲದ ಎಳೆಗರುಗಳಿಗೂ ಪ್ರತಿಕಾಯ ಇಳಿದ ಮುದಿ ರಾಸುಗಳಿಗೂ ಹರಡುವುದು. ಊರಿನ ಎಲ್ಲಾ ರಾಸುಗಳಿಗೂ ಒಂದೇ ವಾರದಲ್ಲಿ ಮದ್ದು ಬಿದ್ದರೆ ವೈರಸ್ಸಿಗೆ ನಿಲ್ಲಲು ನೆಲೆಯೇ ಸಿಕ್ಕದು. ದೊಡ್ಡ ರೋಗವು ಭೂಮಿಯಿಂದ ತೊಲಗಿದ್ದು ಒಬ್ಬೊಬ್ಬ ರೈತನ ಜಾಣತನದಿಂದಲ್ಲ, ಊರೂರೇ ಒಂದಾಗಿ ನಿಂತದ್ದರಿಂದ. ಕೆರೆಯ ಏರಿಗೆ ಮಣ್ಣು ಹಾಕುವಾಗ ಪ್ರತಿಯೊಂದು ಮನೆಯ ಮಂಕರಿಯೂ ಬರುವಂತೆ ನೋಡಿಕೊಳ್ಳುವ ಯಜಮಾನರು, ಚುಚ್ಚುಮದ್ದಿನ ದಿನವೂ ಪ್ರತಿಯೊಂದು ಕೊಟ್ಟಿಗೆಯ ರಾಸೂ ಹೊರಗೆ ಬರುವಂತೆ ನೋಡಿಕೊಂಡರೆ ಗ್ರಾಮಕ್ಕೆ ಮಹೋಪಕಾರವಾಗುವುದು.